ಗರಗಸ ಹೇಳಿದಂತೆ ಬ್ಲೋವರ್: ಸುಂಟಿಕೊಪ್ಪದ ಒಂದು ಮರಗೆಲಸದ ಶೆಡ್ಡಿನ ಪ್ರಕರಣ

ಜುಲೈ ತಿಂಗಳ ಎರಡನೇ ವಾರ. ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ರಸ್ತೆ ಬದಿಯ ಒಂದು ಮರಗೆಲಸದ ಶೆಡ್ಡಿನಲ್ಲಿ ಹಲಸಿನ ಹಲಗೆಯೊಂದು ಗರಗಸದ ಮೇಲೆ ಅರ್ಧ ಸೀಳಿ ನಿಂತಿತ್ತು. ಕರೆಂಟ್ ಹೋಗಿತ್ತು. ಗಾಳಿಗೆ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುವುದು, ಕರೆಂಟ್ ಹೋಗಿ ಬರುವುದು ಆ ವಾರದಲ್ಲಿ ದಿನಕ್ಕೆ ಹತ್ತು ಸಲ ಆಗುತ್ತಿತ್ತು. ಆಚಾರಿಯ ಮಗ, ಇಪ್ಪತ್ತಾರರ ಹುಡುಗ, ಸಿಕ್ಕಿಕೊಂಡ ಹಲಗೆಯನ್ನು ಹಿಂದಕ್ಕೆ ಎಳೆದು ತೆಗೆಯೋಣವೆಂದು ಎರಡೂ ಕೈ ಹಾಕಿದ. ಅಷ್ಟರಲ್ಲಿ ಕರೆಂಟ್ ಬಂತು. ಬ್ಲೇಡ್ ತಿರುಗಿತು. ಅದರ ಹಿಂಬದಿಯ ಹಲ್ಲುಗಳು ಹಲಗೆಯನ್ನು ಮೇಲಕ್ಕೆತ್ತಿ ಅವನ ಕಡೆಗೇ ಎಸೆದವು. ಪಕ್ಕೆಯ ಎರಡು ಎಲುಬು ಬಿರುಕು ಬಿಟ್ಟವು. ಕೈ ಉಳಿದದ್ದು ಹಲಗೆ ಉದ್ದವಾಗಿದ್ದ ಕಾರಣಕ್ಕೆ. ಅವನು ಹಿಡಿದ ತುದಿ ಬ್ಲೇಡಿನಿಂದ ಒಂದೂವರೆ ಅಡಿ ಈಚೆಗಿತ್ತು.

ಅದಾದ ಮೇಲೆ ಆ ಶೆಡ್ಡಿನ ವೈರಿಂಗ್ ಹೊಸದಾಗಿ ಮಾಡಿದವನು ನಾನು. ಒಂದು ವರ್ಷದಲ್ಲಿ ಅಲ್ಲಿ ಆದದ್ದನ್ನೆಲ್ಲ, ನನ್ನಿಂದಾದ ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಗರಗಸ, ಅದನ್ನು ಮೊಬೈಲ್‌ನಿಂದ ನಡೆಸುವ ಇಂಥದೇ ಪ್ಲಗ್ ಇರುವ ಶೆಡ್ಡುಗಳನ್ನು ಕುಶಾಲನಗರದಿಂದ ಗೋಣಿಕೊಪ್ಪದವರೆಗೆ ನಾನು ನೋಡುತ್ತಲೇ ಇದ್ದೇನೆ.

ಶೆಡ್ಡಿನಲ್ಲಿ ಇದ್ದದ್ದು

ಮನೆಯಿಂದ 40 ಮೀಟರ್ ದೂರದಲ್ಲಿ ಶೀಟ್ ಹೊದೆಸಿದ ಶೆಡ್. ನಡುವೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ 2 ಎಚ್.ಪಿ. ಸಿಂಗಲ್ ಫೇಸ್ ಮೋಟಾರ್, ಬೆಲ್ಟ್, 10 ಇಂಚಿನ ಬ್ಲೇಡ್. ಸ್ಥಳೀಯವಾಗಿ ವೆಲ್ಡಿಂಗ್ ಮಾಡಿಸಿದ ಯಂತ್ರ. ಆನ್ ಆಫ್ ಮಾಡಲು ಒಂದು ಸಾದಾ ಟಾಗಲ್ ಸ್ವಿಚ್. ಜೊತೆಗೆ ಮರದ ಅಂಚು ಕೊರೆಯುವ ರೂಟರ್, ಉಜ್ಜಿ ನಯ ಮಾಡುವ ಸ್ಯಾಂಡರ್. ಮೂಲೆಯಲ್ಲಿ ಮರದ ಹುಡಿ ಎಳೆದು ತುಂಬಿಕೊಳ್ಳುವ, ಬಟ್ಟೆ ಚೀಲದ 1 ಎಚ್.ಪಿ. ಬ್ಲೋವರ್, ಅದರಿಂದ ಗರಗಸದ ಹೊಟ್ಟೆಗೆ 4 ಇಂಚಿನ ಪೈಪ್.

ಬ್ಲೋವರ್ ತಂದು ಎರಡು ವರ್ಷವಾಗಿತ್ತು. ಓಡಿದ್ದು ಬಹಳ ಕಡಿಮೆ. ಅದರ ಸ್ವಿಚ್ ಎದುರು ಗೋಡೆಯಲ್ಲಿ, ಮರದ ರಾಶಿಯ ಹಿಂದೆ. ಹತ್ತು ಸೆಕೆಂಡಿನ ಒಂದು ಕಟಿಂಗ್‌ಗೆ ಇಪ್ಪತ್ತು ಅಡಿ ನಡೆದು ಹೋಗಿ ಆನ್ ಮಾಡಿ, ಮತ್ತೆ ನಡೆದು ಹೋಗಿ ಆಫ್ ಮಾಡುವವರು ಯಾರೂ ಇಲ್ಲ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಕೆಲಸದ ಲಯವೇ ಹಾಗೆ. ಆದ್ದರಿಂದ ಬ್ಲೋವರ್ ತಾನಾಗಿ ಆನ್ ಆಗಬೇಕು ಎಂದು ಆ ಹುಡುಗ ಬಯಸಿದ್ದು ಸರಿಯಾದ ಬಯಕೆ.

ಅವನನ್ನು ಅದಕ್ಕೆ ತಳ್ಳಿದ್ದು ಅಪ್ಪನ ಕೆಮ್ಮು. ಆಚಾರಿಗೆ ಅರವತ್ತೊಂದು ವರ್ಷ, ಅದರಲ್ಲಿ ನಲವತ್ತು ವರ್ಷ ಬೀಟೆ, ತೇಗ, ಹಲಸು, ಹೊನ್ನೆಯ ಹುಡಿ ಕುಡಿದ ಜೀವ. ಈಗ ತೋಟಗಳಿಂದ ಬರುವ ಸಿಲ್ವರ್ ಓಕ್ ಹೆಚ್ಚು. ಅದರ ಹುಡಿ ಬೆವರಿದ ಕುತ್ತಿಗೆಗೆ ತಾಗಿದರೆ ತುರಿಕೆ ಏಳುತ್ತದೆ. ಬೀಟೆ ಮತ್ತು ತೇಗದ ಹುಡಿಗೂ ಚರ್ಮವನ್ನು, ಉಸಿರನ್ನು ಕೆರಳಿಸುವ ಗುಣವಿದೆ. ಮರದ ಹುಡಿ ಮೂಗಿನ ಒಳಭಾಗದ ಕ್ಯಾನ್ಸರ್‌ಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಅದನ್ನು ಮೊದಲನೇ ಗುಂಪಿಗೆ ಸೇರಿಸಿದೆ. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ವಸ್ತುಗಳ ಸಾಲಿಗೆ. ಯುರೋಪಿನಲ್ಲಿ ಗಟ್ಟಿ ಮರದ ಹುಡಿ ಒಂದು ಘನ ಮೀಟರ್ ಗಾಳಿಯಲ್ಲಿ 2 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇದೆ. ನೆಲಕ್ಕೆ ಬೀಳುವ ಹೊಟ್ಟು ಕಣ್ಣಿಗೆ ಕಾಣುತ್ತದೆ, ಗುಡಿಸಬಹುದು. ಎದೆಗೆ ಇಳಿಯುವುದು ಕಾಣದ ನಯವಾದ ಹುಡಿ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುವಂಥದ್ದು. ಆಚಾರಿ ಮುಖಕ್ಕೆ ಸುತ್ತಿಕೊಳ್ಳುತ್ತಿದ್ದ ಟವೆಲ್ ಅದನ್ನು ತಡೆಯುವುದಿಲ್ಲ.

ಹುಡುಗ ಮಾಡಿದ್ದು

ಅವನು ಆನ್‌ಲೈನಿನಲ್ಲಿ ಮೊಬೈಲ್‌ನಿಂದ ನಡೆಸುವ ಒಂದು ಪ್ಲಗ್ ತರಿಸಿದ. ಅದಕ್ಕೆ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಬೋರ್ಡಿಗೆ ಗರಗಸ ಮತ್ತು ಬ್ಲೋವರ್ ಎರಡನ್ನೂ ಕೊಟ್ಟ. ಗರಗಸದ ಟಾಗಲ್ ಯಾವಾಗಲೂ ಆನ್. ಒಂದು ಒತ್ತಿಗೆ ಎರಡೂ ಶುರು, ಇನ್ನೊಂದು ಒತ್ತಿಗೆ ಎರಡೂ ಬಂದ್. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಅಪ್ಪನ ಕೆಮ್ಮೂ ಸ್ವಲ್ಪ ತಗ್ಗಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನು ನನ್ನ ಹತ್ತಿರ ಕೇಳಿದ, "ಅಣ್ಣ, ಕರೆಂಟ್ ಹೋದಾಗ ಪ್ಲಗ್ಗೂ ಆಫ್ ಆಗ್ಬೇಕಿತ್ತಲ್ವಾ?" ಆಗಬೇಕಿತ್ತು, ಆಗಲಿಲ್ಲ. ಇಂಥ ಎಷ್ಟೋ ಪ್ಲಗ್‌ಗಳು ಕರೆಂಟ್ ಬಂದಾಗ ಹಿಂದಿನ ಸ್ಥಿತಿಗೇ ಮರಳುತ್ತವೆ. ಲೈಟಿಗೆ ಅದು ಅನುಕೂಲ, ಗರಗಸಕ್ಕೆ ಅಪಾಯ.

ಆ ಪ್ಲಗ್ಗನ್ನು ಬಿಚ್ಚಿ ನೋಡಿದೆ. ಒಳಗೆ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ರಿಲೇಯ ಕಾಂಟ್ಯಾಕ್ಟ್‌ಗಳು ಕಪ್ಪಾಗಿ ಗುಳಿ ಬಿದ್ದಿದ್ದವು, ಒಂದು ಕಡೆ ಕರಗಿ ಅಂಟುವುದರಲ್ಲಿತ್ತು. ಇದರ ಲೆಕ್ಕ ಸುಲಭ. 2 ಎಚ್.ಪಿ. ಮೋಟಾರ್ ಓಡುವಾಗ ಸುಮಾರು 10 ಆಂಪ್ ಎಳೆಯುತ್ತದೆ, 1 ಎಚ್.ಪಿ. ಬ್ಲೋವರ್ ಸುಮಾರು 6. ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರ್ ಐದಾರು ಪಟ್ಟು ಎಳೆಯುತ್ತದೆ. ಎರಡೂ ಒಟ್ಟಿಗೆ ಎದ್ದರೆ 90 ಆಂಪ್ ಹತ್ತಿರ. ಪ್ಲಗ್ಗಿನ ಮೇಲೆ ಬರೆದದ್ದು 16 ಆಂಪ್, ಅದೂ ಹೀಟರಿನಂಥ ಲೋಡಿಗೆ. ಇನ್ನೂ ಕೆಲವು ವಾರ ಕಳೆದಿದ್ದರೆ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತಿತ್ತು. ಆಮೇಲೆ ಮೊಬೈಲಿನಲ್ಲಿ ಎಷ್ಟು ಸಲ ಆಫ್ ಒತ್ತಿದರೂ ಗರಗಸ ನಿಲ್ಲುತ್ತಿರಲಿಲ್ಲ.

ಮನೆಯ ಬೋರ್ಡಿನಲ್ಲಿ ಇನ್ನೊಂದು ಸಿಕ್ಕಿತು. ಮೊದಲಿದ್ದ 16 ಆಂಪ್ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್, ಒಮ್ಮೊಮ್ಮೆ ಟ್ರಿಪ್ ಆಗುತ್ತಿತ್ತಂತೆ. ಆಗಲೇಬೇಕು: ಸಿ ಮಾದರಿಯ 16 ಆಂಪ್ ಎಂಸಿಬಿ 80ರಿಂದ 160 ಆಂಪ್ ನಡುವೆ ಎಲ್ಲಾದರೂ ಆ ಕ್ಷಣವೇ ಬೀಳುತ್ತದೆ. ಯಾರೋ ಬಂದು ಅದನ್ನು ತೆಗೆದು 32 ಆಂಪಿನದು ಹಾಕಿದ್ದರು. ವೈರ್ ಮಾತ್ರ ಅದೇ 2.5 ಚದರ ಮಿಲಿಮೀಟರ್. ಹೀಗೆ ಮಾಡಿದರೆ ಎಂಸಿಬಿ ಬೀಳುವ ಮೊದಲು ವೈರ್ ಬಿಸಿಯಾಗುತ್ತದೆ, ಸುತ್ತ ಒಣ ಹೊಟ್ಟು ತುಂಬಿದ ಶೆಡ್ಡಿನಲ್ಲಿ. ಟ್ರಿಪ್ ಆಗುವ ಎಂಸಿಬಿಯನ್ನು ದೊಡ್ಡದು ಮಾಡುವ ಮೊದಲು ಅದು ಯಾಕೆ ಬಿತ್ತು ಎಂದು ಹುಡುಕಬೇಕು. ಈ ಮಾತನ್ನು ನಾನು ಪ್ರತಿ ಮನೆಯಲ್ಲೂ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಯಾರು ಯಾರಿಗೆ ಹೇಳಬೇಕು

ಹುಡುಗನ ಜೋಡಣೆಯಲ್ಲಿ ಪ್ಲಗ್ ಕಡಿಮೆ ಆಂಪಿನದು ಎಂಬುದು ಎರಡನೇ ತಪ್ಪು. ಮೊದಲ ತಪ್ಪು ಬೇರೆ. ಗರಗಸ ಮತ್ತು ಬ್ಲೋವರ್ ಎರಡಕ್ಕೂ ಮೂರನೆಯ ಒಂದು ವಸ್ತು ಅಪ್ಪಣೆ ಕೊಡುತ್ತಿತ್ತು. ಗರಗಸದ ಮುಂದೆ ನಿಂತವನ ಕೈ ಅದರ ಮೇಲೆ ಇರಲಿಲ್ಲ. ಗರಗಸ ಶುರುವಾಗುವುದು ಅದರ ಎದುರು ನಿಂತವನು ಬೆರಳಲ್ಲಿ ಒತ್ತಿದಾಗ ಮಾತ್ರ ಆಗಬೇಕು. ಬ್ಲೋವರ್ ಗರಗಸವನ್ನು ನೋಡಿ ಏಳಲಿ, ಗರಗಸ ಮಾತ್ರ ಬೇರೆ ಯಾವುದನ್ನೂ ನೋಡಿ ಏಳಬಾರದು. ದೊಡ್ಡ ಕಾರ್ಖಾನೆಗಳಲ್ಲಿ ಬ್ಲೋವರ್ ಓಡದೆ ಯಂತ್ರ ಶುರುವಾಗದಂತೆ ತಡೆ ಇಡುವುದುಂಟು. ಅದು ಅನುಮತಿ, ಅಪ್ಪಣೆಯಲ್ಲ. ಅಲ್ಲಿಯೂ ಕೊನೆಗೆ ಬಟನ್ ಒತ್ತುವುದು ಕೈಯೇ.

ಅಪಘಾತವಾದ ವಾರವೇ ಟಾಗಲ್ ಕಿತ್ತು ಹಾಕಿ ಪುಶ್ ಬಟನ್ ಸ್ಟಾರ್ಟರ್ ಕೂರಿಸಿದೆ. ಹಸಿರು ಒತ್ತಿದರೆ ಕಾಂಟ್ಯಾಕ್ಟರಿನ, ಅಂದರೆ ಕಾಯಿಲ್ ಎಳೆದಾಗ ಕೂಡುವ ದೊಡ್ಡ ಸ್ವಿಚ್ಚಿನ, ಕಾಯಿಲ್ ಎಳೆದು ತನ್ನದೇ ಒಂದು ಕಾಂಟ್ಯಾಕ್ಟ್ ಮೂಲಕ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಕರೆಂಟ್ ಹೋದರೆ ಹಿಡಿತ ಬಿಡುತ್ತದೆ. ಮತ್ತೆ ಕರೆಂಟ್ ಬಂದರೆ ಬಿಟ್ಟೇ ಇರುತ್ತದೆ, ಪುನಃ ಹಸಿರು ಒತ್ತುವವರೆಗೆ. ಬೋರ್‌ವೆಲ್ ಪಂಪ್ ಇರುವ ಮನೆಗಳವರಿಗೆಲ್ಲ ಗೊತ್ತಿರುವ ಹಳೆಯ ಸಂಗತಿ ಇದು. ಆದರೂ ಗರಗಸಕ್ಕೆ ಹಾಕಿದವರು ಕಡಿಮೆ. ಈ ಬರಹ ಓದಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ, ಬ್ಲೋವರ್ ವಿಷಯ ಆಮೇಲೆ ನೋಡಿಕೊಳ್ಳೋಣ. ಬ್ಲೇಡಿನ ಹಿಂದೆ ಸೀಳು ಮುಚ್ಚಿಕೊಂಡು ಹಲಗೆ ಕಚ್ಚದಂತೆ ತಡೆಯುವ ಉಕ್ಕಿನ ಪಟ್ಟಿಯನ್ನೂ ಆಗಲೇ ವೆಲ್ಡಿಂಗ್‌ನವರಿಂದ ಮಾಡಿಸಿದೆವು.

ಆಯುಧ ಪೂಜೆಯ ಹೊತ್ತಿನ ಕೆಲಸ

ಪೂರ್ತಿ ಕೆಲಸಕ್ಕೆ ಯಂತ್ರಗಳು ನಿಲ್ಲಬೇಕಿತ್ತು. ಆಯುಧ ಪೂಜೆಗೆ ಹೇಗೂ ಅವಕ್ಕೆ ಬಿಡುವು, ನಮಗೆ ಮೂರು ದಿನ ಸಿಕ್ಕಿತು. ಮಂಜೂರಾದ ಲೋಡ್ ಹೆಚ್ಚಿಸಲು, ಮನೆ ಮೀಟರಿನಿಂದ ಶೆಡ್ಡನ್ನು ಬೇರೆ ಮಾಡಲು ಅರ್ಜಿ ಮೊದಲೇ ಹೋಗಿತ್ತು.

ಶೆಡ್ಡಿನ ಹೊರಗೋಡೆಗೆ, ಹುಡಿ ತಾಗದ ಕಡೆ, ರಬ್ಬರ್ ಗ್ಯಾಸ್ಕೆಟ್ ಇರುವ, ಹುಡಿ ಮತ್ತು ನೀರಿನ ಎರಚಲಿಗೆ ತಡೆಯಿರುವ ಐಪಿ54 ಪೆಟ್ಟಿಗೆ ಕೂರಿಸಿದೆ. ಮರದ ಹುಡಿ ಕಾಂಟ್ಯಾಕ್ಟರಿನ ಒಳಗೆ ಕೂತರೆ ಅದರ ಕಬ್ಬಿಣದ ಮುಖಗಳು ಸರಿಯಾಗಿ ಕೂಡದೆ ಗುಂಯ್ ಎನ್ನಲು ತೊಡಗುತ್ತದೆ, ಕಾಯಿಲ್ ಸುಡುತ್ತದೆ. ಪೆಟ್ಟಿಗೆಯ ಬಾಯಲ್ಲಿ ಎಲ್ಲವನ್ನೂ ಒಟ್ಟಿಗೆ ಕಡಿಯುವ ಒಂದು ಮುಖ್ಯ ಸ್ವಿಚ್, ಅದಕ್ಕೆ ಬೀಗ ಹಾಕುವ ತೂತು. ಬ್ಲೇಡ್ ಬದಲಿಸುವಾಗ ಬೀಗದ ಕೈ ಬದಲಿಸುವವನ ಜೇಬಿನಲ್ಲಿ. ಎರಡು ಯಂತ್ರ ಜೋಡಿಸಿದ ಕಡೆ ಇದು ಇನ್ನೂ ಮುಖ್ಯ, ಯಾಕೆಂದರೆ ಬ್ಲೋವರ್ ಸುಮ್ಮನಿದೆ ಎಂದು ಗರಗಸಕ್ಕೂ ಕರೆಂಟ್ ಇಲ್ಲ ಎಂದುಕೊಳ್ಳುವುದು ಸುಲಭ. ಕರೆಂಟ್ ನೆಲಕ್ಕೆ ಸೋರಿದರೆ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿದೆ. ಮಳೆಗಾಲದಲ್ಲಿ ಆ ನೆಲ ಒಣಗುವುದೇ ಇಲ್ಲ. ಗರಗಸದ ಸ್ಟ್ಯಾಂಡ್, ಬ್ಲೋವರ್ ಮೈ, ಪೈಪಿನೊಳಗಿನ ಸುರುಳಿ ತಂತಿ, ಎಲ್ಲಕ್ಕೂ ಅರ್ಥಿಂಗ್.

ಗರಗಸಕ್ಕೂ ಬ್ಲೋವರಿಗೂ ಬೇರೆ ಬೇರೆ ಎಂಸಿಬಿ, ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ. ಇವುಗಳ ನಡುವಿನ ಸಂಬಂಧಕ್ಕೆ ಎಲೆಕ್ಟ್ರಾನಿಕ್ ಏನೂ ಬೇಕಾಗಲಿಲ್ಲ. ಗರಗಸದ ಕಾಂಟ್ಯಾಕ್ಟರಿನಲ್ಲಿ ಬಳಸದೆ ಉಳಿದ ಒಂದು ಸಹಾಯಕ ಕಾಂಟ್ಯಾಕ್ಟ್ ಇತ್ತು. ಗರಗಸ ಎದ್ದಾಗ ಅದು ಕೂಡುತ್ತದೆ, ಟೈಮರಿಗೆ ಸೂಚನೆ ಹೋಗುತ್ತದೆ, 2 ಸೆಕೆಂಡ್ ಬಿಟ್ಟು ಬ್ಲೋವರ್ ಏಳುತ್ತದೆ. ಆ 2 ಸೆಕೆಂಡ್ ಇರುವುದು ಎರಡರ ಸ್ಟಾರ್ಟಿಂಗ್ ಕರೆಂಟ್ ಒಂದರ ಮೇಲೊಂದು ಬೀಳದಿರಲಿ ಎಂದು. ಗರಗಸ ನಿಂತ ಮೇಲೂ ಬ್ಲೋವರ್ ಸ್ವಲ್ಪ ಹೊತ್ತು ಓಡಬೇಕು, ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಅದು ಹುಡಿ ಎರಚುತ್ತಲೇ ಇರುತ್ತದೆ.

ಮೊಣಕಾಲಿಗೆ ಸಿಗುವ ಎತ್ತರದಲ್ಲಿ ಅಣಬೆಯಂಥ ಕೆಂಪು ಗುಂಡಿ ಇಟ್ಟೆ. ಸಾದಾ ಕೆಂಪು ಬಟನ್ ಒತ್ತಿದರೆ ಗರಗಸ ಮಾತ್ರ ನಿಲ್ಲುತ್ತದೆ, ಬ್ಲೋವರ್ ತನ್ನ ಸಮಯ ಮುಗಿಸಿ ನಿಲ್ಲುತ್ತದೆ. ಅಣಬೆ ಗುಂಡಿ ಎರಡನ್ನೂ ಒಟ್ಟಿಗೆ ಕೊಲ್ಲುತ್ತದೆ. ಬ್ಲೋವರ್ ಯಾಕೆ ಎಂದು ಆಚಾರಿ ಕೇಳಿದರು. ಹಳೆಯ ಮರದಲ್ಲಿ ಉಳಿದ ಮೊಳೆಗೆ ಬ್ಲೇಡ್ ತಾಗಿ ಕಿಡಿ ಹಾರಿದರೆ ಅದು ನೇರ ಚೀಲಕ್ಕೆ ಹೋಗುತ್ತದೆ, ಆಗ ಬ್ಲೋವರ್ ಕೊಲ್ಲನ ತಿದಿಯ ಹಾಗೆ ಊದುತ್ತದೆ ಎಂದೆ. "ಸರಿ, ನೀ ಹೇಳಿದ ಹಾಗೆ ಮಾಡು ಮಾರಾಯ" ಎಂದರು.

ಕೈಯಲ್ಲಿ ಹಿಡಿಯುವ ರೂಟರ್, ಸ್ಯಾಂಡರ್‌ಗಳಿಗೆ ಕಾಂಟ್ಯಾಕ್ಟರ್ ಇಲ್ಲ, ಸ್ವಿಚ್ ಅವುಗಳ ಮೈಮೇಲೇ ಇದೆ. ಅಲ್ಲಿ ಕರೆಂಟ್ ಹರಿಯುವುದನ್ನು ಗುರುತಿಸಬೇಕು. ಅದಕ್ಕೆ ಸಿಟಿ, ವೈರ್ ಸುತ್ತ ಕೂರುವ ಬಳೆಯಂಥ ಕಾಯಿಲ್. ಪವರ್ ಪ್ಲಗ್ಗಿಗೆ ಹೋಗುವ ಫೇಸ್ ವೈರ್ ಬಳೆಯೊಳಗೆ ಹಾದರೆ, ಕರೆಂಟ್ ಒಂದು ಮಟ್ಟ ದಾಟಿದಾಗ ಅದರ ರಿಲೇ ಅದೇ ಟೈಮರಿಗೆ ಸೂಚನೆ ಕೊಡುತ್ತದೆ. ಮಟ್ಟವನ್ನು 0.8 ಆಂಪಿಗೆ ಇಟ್ಟೆ. 300 ವಾಟಿನ ಸ್ಯಾಂಡರ್ 1.3 ಆಂಪ್ ಎಳೆಯುತ್ತದೆ, ಡ್ರಿಲ್ ಬ್ಯಾಟರಿಯ ಚಾರ್ಜರ್ ಅರ್ಧ ಆಂಪನ್ನೂ ಮುಟ್ಟುವುದಿಲ್ಲ. ಚಾರ್ಜರ್ ಹಾಕಿದ ಕೂಡಲೇ ಬ್ಲೋವರ್ ಏಳಬಾರದಲ್ಲ.

ಪಕ್ಕೆ ವಾಸಿಯಾದ ಹುಡುಗ ಈ ಭಾಗವನ್ನು ತಾನೇ ಜೋಡಿಸುತ್ತೇನೆ ಎಂದ. ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ಜೊತೆಗೆ ಕೂತು ಮಾಡಿಸಿದೆ. ಬೀಗ ತೆಗೆದು ಸ್ಯಾಂಡರ್ ಓಡಿಸಿದರೆ ಬ್ಲೋವರ್ ಏಳಲೇ ಇಲ್ಲ. ಅವನು ಮೂರು ವೈರಿರುವ ಇಡೀ ಕೇಬಲನ್ನೇ ಬಳೆಯೊಳಗೆ ತೂರಿಸಿದ್ದ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಹಿಂದೆ ಬರುತ್ತದೆ, ಒಂದು ಇನ್ನೊಂದನ್ನು ಅಳಿಸುತ್ತದೆ, ಬಳೆಗೆ ಕಾಣುವುದು ಸೊನ್ನೆ. ಮತ್ತೆ ಬೀಗ ಹಾಕಿ, ಫೇಸ್ ಒಂದನ್ನೇ ತೂರಿಸಿದ. ತನ್ನ ಕೈಯಿಂದ ಬ್ಲೋವರ್ ಎದ್ದದ್ದು ಕಂಡು ಅವನ ಮುಖದಲ್ಲಿ ಬಂದ ಬೆಳಕು ನನಗೆ ಇನ್ನೂ ನೆನಪಿದೆ.

ಸ್ಯಾಂಡಿಂಗ್‌ಗೆ ಮೇಲ್ಭಾಗದಲ್ಲಿ ತೂತುಗಳಿರುವ ಒಂದು ಮೇಜಿನ ಪೆಟ್ಟಿಗೆಯನ್ನು ಆಚಾರಿಯೇ ಮಾಡಿದರು, ಕೆಳಗಿನಿಂದ 4 ಇಂಚಿನ ಪೈಪ್. ಹುಡಿ ಪೈಪಿನಲ್ಲಿ ಕೂರದೆ ಹೋಗಲು ಗಾಳಿಗೆ ಸೆಕೆಂಡಿಗೆ ಸುಮಾರು 20 ಮೀಟರ್ ವೇಗ ಬೇಕು. 4 ಇಂಚಿನ ಪೈಪಿನಲ್ಲಿ ಅದು ಗಂಟೆಗೆ 565 ಘನ ಮೀಟರ್ ಗಾಳಿ. ಇಷ್ಟನ್ನು ಈ ಬ್ಲೋವರ್ ಒಂದು ಬಾಯಿಗೆ ಕೊಡಬಲ್ಲದು, ಎರಡಕ್ಕಲ್ಲ. ಆದ್ದರಿಂದ ಪ್ರತಿ ಕವಲಿಗೂ ತಗಡಿನ ಬಾಗಿಲು, ಒಂದು ತೆರೆದರೆ ಇನ್ನೊಂದು ಮುಚ್ಚಬೇಕು.

ನನ್ನ ಎರಡು ತಪ್ಪುಗಳು

ಯಂತ್ರ ನಿಂತ ಮೇಲೆ ಬ್ಲೋವರ್ ಓಡುವ ಟೈಮರನ್ನು ನಾನು 10 ಸೆಕೆಂಡಿಗೆ ಇಟ್ಟಿದ್ದೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದಾಗ ಫೋನ್ ಬಂತು: ಬ್ಲೋವರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಹೋಗಿ ನೋಡಿದರೆ ಮೋಟಾರ್ ಏಳಲು ಬಲ ಕೊಡುವ ಸ್ಟಾರ್ಟಿಂಗ್ ಕೆಪಾಸಿಟರ್ ಊದಿಕೊಂಡು ಒಡೆದಿತ್ತು. ಆ ವಾರ ಅವರು ಕುರ್ಚಿಯ ಕಾಲುಗಳಿಗೆ ರೂಟರ್ ಹೊಡೆಯುತ್ತಿದ್ದರು. ಒಂದು ಕಾಲು ಮುಗಿಸಿ ಟ್ರಿಗರ್ ಬಿಡುವುದು, ಇನ್ನೊಂದನ್ನು ಕ್ಲ್ಯಾಂಪ್ ಮಾಡುವುದು, ಮತ್ತೆ ಒತ್ತುವುದು. ಆ ನಡುವಿನಲ್ಲಿ ಬ್ಲೋವರ್ ನಿಂತು ಮತ್ತೆ ಏಳುತ್ತಿತ್ತು, ಗಂಟೆಗೆ ನಲವತ್ತು ಸಲವಾದರೂ. ಇಂಥ ಕೆಪಾಸಿಟರ್‌ಗಳನ್ನು ಗಂಟೆಗೆ 20 ಸ್ಟಾರ್ಟಿನ ಲೆಕ್ಕದಲ್ಲಿ ಮಾಡಿರುತ್ತಾರೆ. ಮೋಟಾರ್ ವೈಂಡಿಂಗ್ ಮಾಡುವವನಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಪೈಪಿನ ಹುಡಿ ಖಾಲಿಯಾಗಲು ಎಷ್ಟು ಬೇಕು ಎಂದಷ್ಟೇ ಯೋಚಿಸಿದ್ದೆ, ಆಚಾರಿಯ ಕೈಯ ಲಯವನ್ನು ಕೂತು ನೋಡಿರಲಿಲ್ಲ. ಅರ್ಧ ದಿನ ಕೂತು ನೋಡಿ ಟೈಮರನ್ನು 90 ಸೆಕೆಂಡಿಗೆ ತಂದೆ. ಈಗ ಸಾಲು ಕೆಲಸ ಮುಗಿಯುವವರೆಗೆ ಬ್ಲೋವರ್ ನಿಲ್ಲುವುದಿಲ್ಲ. ಹೆಚ್ಚು ಹೊತ್ತು ಓಡುವುದರಿಂದ ತೇಲುವ ನಯವಾದ ಹುಡಿಯೂ ಸ್ವಲ್ಪ ಹೆಚ್ಚು ಹೋಗುತ್ತದೆ.

ಎರಡನೆಯದು ಫೆಬ್ರವರಿಯಲ್ಲಿ. ಕಾಫಿ ಹೂವಿಗೆಂದು ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪ್‌ಗಳು ಓಡುವ ಕಾಲ. ಸಂಜೆ ಹೊತ್ತು ವೋಲ್ಟೇಜ್ 200ಕ್ಕೆ ಇಳಿಯುತ್ತಿತ್ತು. ಗರಗಸದ ಹಸಿರು ಒತ್ತಿದರೆ ಕಾಂಟ್ಯಾಕ್ಟರ್ ಟಪಟಪ ಬಡಿದುಕೊಳ್ಳುತ್ತಿತ್ತು. ಹೀಗೆ ಬಡಿದುಕೊಳ್ಳುವಾಗ ಪ್ರತಿ ಬಡಿತಕ್ಕೂ ಕಾಂಟ್ಯಾಕ್ಟಿನಲ್ಲಿ ಕಿಡಿ, ಕೊನೆಗೆ ಅಂಟಿಕೊಂಡು ಕೂರುವ ಭಯ. ಯಾವುದನ್ನು ತಪ್ಪಿಸಲು ಪ್ಲಗ್ ಕಿತ್ತು ಹಾಕಿದ್ದೆವೋ ಅದೇ ಅಪಾಯ ಮತ್ತೆ.

ಸಪ್ಲೈಯನ್ನು ದೂರುವುದು ಸುಲಭವಿತ್ತು. ಮೀಟರ್ ಹಿಡಿದು ನೋಡಿದಾಗ ಕಂಡದ್ದು ಬೇರೆ: ಬಟನ್ ಒತ್ತಿದ ಕ್ಷಣ ಶೆಡ್ಡಿನಲ್ಲಿ ವೋಲ್ಟೇಜ್ 165ಕ್ಕೆ ಬೀಳುತ್ತಿತ್ತು, ಮನೆಯ ಬೋರ್ಡಿನಲ್ಲಿ ಅಷ್ಟು ಬೀಳುತ್ತಿರಲಿಲ್ಲ. ಮನೆಯಿಂದ ಶೆಡ್ಡಿಗೆ ಹೋಗುವ 2.5ರ ಕೇಬಲನ್ನು ಅಕ್ಟೋಬರಿನಲ್ಲಿ ಹಣ ಸಾಲದೆಂದು ಹಾಗೇ ಬಿಟ್ಟಿದ್ದೆ, 20 ಆಂಪ್ ಎಂಸಿಬಿ ಮಾತ್ರ ಹಾಕಿ. 40 ಮೀಟರ್ ಹೋಗಿ 40 ಮೀಟರ್ ಬರುವ ಆ ತಾಮ್ರದ ರೆಸಿಸ್ಟೆನ್ಸ್ 0.59 ಓಮ್. 60 ಆಂಪ್ ಸ್ಟಾರ್ಟಿಂಗ್‌ನಲ್ಲಿ 35 ವೋಲ್ಟ್ ಕೇಬಲೇ ತಿಂದುಬಿಡುತ್ತದೆ. ಕಾಂಟ್ಯಾಕ್ಟರಿನ ಕಾಯಿಲ್ ತನ್ನ 230 ವೋಲ್ಟಿನ ಶೇಕಡಾ 85ರಲ್ಲಿ, ಅಂದರೆ 196ರ ಹತ್ತಿರ, ಖಂಡಿತ ಎಳೆಯಬೇಕು. ಎಳೆದ ಮೇಲೆ ಶೇಕಡಾ 75ರ ಕೆಳಗೆ, ಅಂದರೆ 172ರ ಕೆಳಗೆ ಇಳಿದರೆ ಬಿಟ್ಟುಬಿಡಬಹುದು. ಬಿಟ್ಟ ಕೂಡಲೇ ಲೋಡ್ ಹೋಗಿ ವೋಲ್ಟೇಜ್ ಏರುತ್ತದೆ, ಬಟನ್ ಮೇಲೆ ಬೆರಳು ಇನ್ನೂ ಇರುವುದರಿಂದ ಮತ್ತೆ ಎಳೆಯುತ್ತದೆ.

6 ಚದರ ಮಿಲಿಮೀಟರಿನ ಕೇಬಲ್ ಎಳೆದೆವು. ಅದರಲ್ಲಿ ಸ್ಟಾರ್ಟಿಂಗ್ ಕುಸಿತ 15 ವೋಲ್ಟ್ ಮಾತ್ರ. ಕಾಂಟ್ಯಾಕ್ಟರ್ ಬಡಿದುಕೊಳ್ಳುವುದು ನಿಂತಿತು. ಜೊತೆಗೆ ವೋಲ್ಟೇಜ್ ನೋಡುವ ಒಂದು ರಿಲೇ ಹಾಕಿದೆ. 190ಕ್ಕಿಂತ ಕೆಳಗೆ 5 ಸೆಕೆಂಡ್ ನಿಂತರೆ ಅದು ಎರಡು ಯಂತ್ರಗಳನ್ನೂ ಬಿಡಿಸುತ್ತದೆ. ವೋಲ್ಟೇಜ್ ಸರಿಯಾದ ಮೇಲೆ ಏನೂ ತಾನಾಗಿ ಏಳುವುದಿಲ್ಲ, ಹಸಿರು ಒತ್ತಬೇಕು. ಕಡಿಮೆ ವೋಲ್ಟೇಜಿನಲ್ಲಿ ಮೋಟಾರ್ ಹೆಚ್ಚು ಕರೆಂಟ್ ಎಳೆದು ವೈಂಡಿಂಗ್ ಸುಡುವುದೂ ಇದರಿಂದ ತಪ್ಪಿತು.

ಮರು ವರ್ಷದ ಜುಲೈ

ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಮಳೆಯಲ್ಲಿ ಒಂದು ದಿನ ನಾನೇ ಅಲ್ಲಿದ್ದೆ. ಸಿಲ್ವರ್ ಓಕ್ ಸೀಳುವಾಗ ಕರೆಂಟ್ ಹೋಯಿತು. ಹುಡುಗ ಕೈ ತೆಗೆದು, ಅಣಬೆ ಗುಂಡಿಯನ್ನೂ ಮೊಣಕಾಲಿನಿಂದ ಒತ್ತಿ, ಹಿಂದೆ ಸರಿದು ನಿಂತ. ಬ್ಲೇಡ್ ನಿಂತ ಮೇಲೆ ಮುಖ್ಯ ಸ್ವಿಚ್ ತಿರುಗಿಸಿ ಬಂದು ಹಲಗೆ ತೆಗೆದ. ನಾಲ್ಕು ನಿಮಿಷ ಬಿಟ್ಟು ಕರೆಂಟ್ ಬಂದಾಗ ಲೈಟ್ ಮಾತ್ರ ಹತ್ತಿತು. ಸ್ವಿಚ್ ಹಾಕಿ, ಗುಂಡಿ ತಿರುಗಿಸಿ ಬಿಡಿಸಿ, ಹಸಿರು ಒತ್ತಿದ. ಗರಗಸ ಎದ್ದಿತು, ಎರಡು ಸೆಕೆಂಡಿಗೆ ಬ್ಲೋವರ್. ಆ ಸದ್ದು ಕೇಳಿದ ಮೇಲೆಯೇ ಅವನು ಹಲಗೆ ತಳ್ಳುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ರೂಢಿ ಮಾಡಿಕೊಂಡದ್ದು.

ಚೀಲ ಈಗ ವಾರಕ್ಕೊಮ್ಮೆ ತುಂಬುತ್ತದೆ. ಮೊದಲು ಅದನ್ನು ಬಿಚ್ಚಿದ್ದೇ ಅಪರೂಪ. ಆದರೆ ಬಟ್ಟೆಯ ಚೀಲ ದಪ್ಪ ಹುಡಿ ಹಿಡಿದು ನಯವಾದದ್ದನ್ನು ಮತ್ತೆ ಶೆಡ್ಡಿಗೇ ಊದುತ್ತದೆ. ಬಾಗಿಲಿನ ಬಿಸಿಲು ಕೋಲಿನಲ್ಲಿ ಅದು ತೇಲುವುದು ಇನ್ನೂ ಕಾಣುತ್ತದೆ. ಆಚಾರಿ ಟವೆಲ್ ಬಿಟ್ಟು ಎನ್95 ಮಾಸ್ಕ್ ಹಾಕುತ್ತಿದ್ದಾರೆ. ಮಳೆ ನಿಂತ ಮೇಲೆ ಬ್ಲೋವರನ್ನೂ ಚೀಲವನ್ನೂ ಹಿಂಗೋಡೆಯಾಚೆ ಶೀಟಿನ ಮಾಡು ಕಟ್ಟಿ ಹೊರಗೆ ಹಾಕುವುದೆಂದು ಮಾತಾಗಿದೆ. ಅಷ್ಟು ಉದ್ದದ ವೈರನ್ನು ಪೆಟ್ಟಿಗೆಯಲ್ಲಿ ಸುತ್ತಿ ಇಟ್ಟು ಬಂದಿದ್ದೇನೆ.